ಸಮುದ್ರಸಂಗಮ: ರಾಜಪುತ್ರ ದಾರಾ ಶಿಕೋಹನ ಚರಿತ್ರೆ

ಮತಗಳು ಹಲವಾದರೂ ಪರತತ್ತ್ವವು ಒಂದೇ ಎಂಬ ಮಾತು ನಮ್ಮ ದೇಶದಲ್ಲಿ ಎಲ್ಲರ ನಾಲಗೆಯ ಮೇಲೆಯೂ ಇರುವುದು. ಸಭೆಯಲ್ಲಿ ಅದನ್ನಾಡುವುದು ಸುಲಭ. ಕೇಳಿ ತಲೆದೂಗುವುದು ಅದಕ್ಕಿಂತಲೂ ಸುಲಭ. ಆದರೆ ಪರಮತದವರನ್ನು ಗುರುಗಳಂತೆ ಕಂಡು, ಅವರ ಶಾಸ್ತ್ರವನ್ನು ಅವರ ಬಾಯಿಂದಲೇ ಕೇಳಿ, ತನ್ನ ಮತವನ್ನು ಬಿಡದೆಯೂ ಅವರ ಮತವನ್ನು ಹಳಿಯದೆಯೂ ಎರಡರ ಹುರುಳನ್ನೂ ಅರಿಯಲು ವರ್ಷಗಟ್ಟಲೆ ದುಡಿದವರು ಎಷ್ಟು ಮಂದಿ? ಅಂತಹ ವಿರಳರಲ್ಲಿ ಮೊಗಲ ರಾಜಪುತ್ರನಾದ ದಾರಾ ಶಿಕೋಹನೊಬ್ಬನು. ಶರಣಪರಂಪರೆಯ ಈ ಮಠದ ಮಹೋತ್ಸವಸಂಪುಟದಲ್ಲಿ ಡಿಲ್ಲಿಯ ರಾಜಪುತ್ರನೊಬ್ಬನ ಚರಿತ್ರೆಗೆ ಸ್ಥಾನವೇತಕ್ಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ಈ ಚರಿತ್ರೆಯ ನಡುವೆಯೇ ದೊರೆಯುವುದು. ಆ ಉತ್ತರವು ಕಲ್ಯಾಣನಗರದ ಕೋಟೆಯ ಗೋಡೆಗಳವರೆಗೂ ನಮ್ಮನ್ನು ಕರೆತರುವುದು.

ದಾರಾ ಶಿಕೋಹನು 1615ನೆಯ ವರ್ಷದ ಮಾರ್ಚಿ ತಿಂಗಳಲ್ಲಿ ಅಜಮೀರದಲ್ಲಿ ಜನಿಸಿದನು. ತಂದೆಯು ಆಗ ಖುರ್ರಂ ಎಂಬ ಹೆಸರಿನಿಂದಿದ್ದು ಮುಂದೆ ಪಟ್ಟವೇರಿದ ಶಹಾಜಹಾನ ಬಾದಶಹನು. ತಾಯಿಯು ತಾಜಮಹಲಿನ ಕಾರಣದಿಂದ ಲೋಕಪ್ರಸಿದ್ಧಳಾದ ಮುಮ್ತಾಜ ಮಹಲಳು. ಹೆಣ್ಣುಮಕ್ಕಳೇ ಹುಟ್ಟಿದ್ದುದರಿಂದ ಖುರ್ರಮನು ಅಜಮೀರದಲ್ಲಿರುವ ಖ್ವಾಜಾ ಮುಯೀನುದ್ದೀನ ಚಿಶ್ತಿಯವರ ದರ್ಗೆಯಲ್ಲಿ ಗಂಡುಸಂತಾನಕ್ಕಾಗಿ ಹರಕೆ ಹೊತ್ತಿದ್ದನೆಂದೂ ಅದರ ಫಲವಾಗಿಯೇ ತಾನು ಹುಟ್ಟಿದೆನೆಂದೂ ದಾರಾನು ತಾನೇ ಬರೆದಿಟ್ಟಿದ್ದಾನೆ. ಹೀಗೆ ಸಂತರೊಬ್ಬರ ಸಮಾಧಿಯ ನೆರಳಿನಲ್ಲಿ ಬೆಳಕು ಕಂಡ ಶಿಶುವು ಬಾಳಿನುದ್ದಕ್ಕೂ ಸಂತರನ್ನು ಅರಸುತ್ತಲೇ ಹೋಯಿತು. ಇವನ ಬೆನ್ನಿಗೆ ಶುಜಾ, ಔರಂಗಜೇಬ, ಮುರಾದ ಎಂಬ ಮೂವರು ತಮ್ಮಂದಿರು ಹುಟ್ಟಿದರು. 1633ರಲ್ಲಿ ದಾರಾನ ವಿವಾಹವು ತನ್ನ ದೊಡ್ಡಪ್ಪನ ಮಗಳಾದ ನಾದಿರಾ ಬಾನು ಬೇಗಮಳೊಡನೆ ನೆರವೇರಿತು. ಆ ಕಾಲದ ರಾಜಪುತ್ರರ ರೂಢಿಗೆ ವಿರುದ್ಧವಾಗಿ ಅವನು ಕಡೆಯವರೆಗೂ ಬೇರೊಬ್ಬ ಸ್ತ್ರೀಯನ್ನು ವಿವಾಹವಾಗಲಿಲ್ಲ.

ತಾರುಣ್ಯದಲ್ಲಿ ದಾರಾನಿಗೆ ವೈದ್ಯರ ಔಷಧಕ್ಕೂ ಮಣಿಯದ ಒಂದು ವ್ಯಾಧಿಯು ಅಂಟಿಕೊಂಡಿತು. ತಂದೆಯು ಅವನನ್ನು ಲಾಹೋರಿನಲ್ಲಿ ವಾಸಿಸುತ್ತಿದ್ದ ಮಿಯಾನ್ ಮೀರರೆಂಬ ವೃದ್ಧಸಂತರ ಬಳಿಗೆ ಕರೆದೊಯ್ದನು. ಅವರು ಕಾದರಿಯಾ ಪಂಥದ ಸೂಫಿಗಳು. ಅರಸರ ಕಾಣಿಕೆಗಳಿಗೆ ಕೈಯೊಡ್ಡದ ವಿರಕ್ತರು. ಅವರು ಮಂತ್ರಿಸಿ ಕೊಟ್ಟ ನೀರನ್ನು ಕುಡಿದು ತಾನು ಗುಣಹೊಂದಿದೆನೆಂದು ದಾರಾನು ನಂಬಿದನು. ಮಿಯಾನ್ ಮೀರರು 1635ರಲ್ಲಿ ದೇಹವಿಟ್ಟರು. 1640ರ ಸುಮಾರಿಗೆ ದಾರಾನು ಅವರ ಶಿಷ್ಯರಾದ ಮುಲ್ಲಾ ಶಾಹರಿಂದ ದೀಕ್ಷೆಯನ್ನು ಪಡೆದನು. ಅಕ್ಕನಾದ ಜಹಾನಾರಾಳೂ ಅದೇ ಗುರುಗಳ ಶಿಷ್ಯಳಾದಳು. ಈ ಅವಧಿಯಲ್ಲಿ ಅವನು ಬರೆದ ಸಫೀನತುಲ್ ಔಲಿಯಾ, ಸಕೀನತುಲ್ ಔಲಿಯಾ ಎಂಬೆರಡು ಗ್ರಂಥಗಳೂ ಮುಸಲ್ಮಾನ ಸಂತರ ಚರಿತ್ರೆಗಳೇ. ಪರಮತಗಳ ಕಡೆಗೆ ಹೊರಳುವ ಮುನ್ನ ಅವನು ತನ್ನ ಮತದ ಆಳವನ್ನು ಅರಸಿದನೆಂಬ ಅಂಶವನ್ನು ಗಮನದಲ್ಲಿಡಬೇಕು. ತನ್ನ ಮನೆಯ ಬಾವಿಯಲ್ಲಿ ನೀರನ್ನು ಸೇದಿ ಕುಡಿದವನೇ ನೆರೆಯವನ ಬಾವಿಯ ನೀರಿನ ರುಚಿಯನ್ನು ಬಲ್ಲನು.

ರಾಜಕಾರ್ಯದಲ್ಲಿ ದಾರಾನಿಗೆ ಅಷ್ಟು ಯಶಸ್ಸು ಇರಲಿಲ್ಲ. ತಂದೆಯ ಅತಿಪ್ರೀತಿಯಿಂದ ಅವನು ಬಹುಕಾಲ ಆಸ್ಥಾನದಲ್ಲಿಯೇ ಉಳಿದನು. ತಮ್ಮಂದಿರಾದರೋ ದೂರದ ಸುಭೆಗಳಲ್ಲಿ ಸೇನೆಯನ್ನು ನಡೆಸುತ್ತ ಗಟ್ಟಿಯಾದರು. ಪಾರಸಿಕರ ವಶವಾಗಿದ್ದ ಖಂದಹಾರದ ಕೋಟೆಯನ್ನು ಮರಳಿ ಪಡೆಯಲು 1653ರಲ್ಲಿ ಅವನು ದೊಡ್ಡ ದಂಡಿನೊಡನೆ ಹೋಗಿ ಬರಿಗೈಯಿಂದ ಹಿಂದಿರುಗಿದನು. ಆ ಸೋಲಿನ ಭಾರವನ್ನು ಹೊತ್ತು ಬರುವಾಗ ಲಾಹೋರಿನಲ್ಲಿ ಬಾಬಾ ಲಾಲದಾಸರೆಂಬ ಹಿಂದೂ ಸಂತರ ದರ್ಶನವಾಯಿತು. ರಾಜಪುತ್ರನು ಅವರೊಡನೆ ಹಲವು ಸಲ ಕುಳಿತು ಪ್ರಶ್ನೆಗಳನ್ನು ಕೇಳಿದನು. ಆ ಪ್ರಶ್ನೋತ್ತರಗಳು ಪಾರಸಿ ಭಾಷೆಯಲ್ಲಿ ಬರೆದಿಡಲ್ಪಟ್ಟು ಇಂದಿಗೂ ಉಳಿದಿವೆ. ಹಿಂದೂಗಳಲ್ಲಿ ಮೂರ್ತಿಪೂಜೆಯೇತಕ್ಕೆಂದು ಅವನು ಕೇಳಿದನು. ಮನಸ್ಸನ್ನು ನೆಲೆನಿಲ್ಲಿಸುವುದಕ್ಕಾಗಿ ಅದು ಏರ್ಪಟ್ಟಿತೆಂದೂ, ಎಳೆಯ ಹುಡುಗಿಯರು ಗೊಂಬೆಗಳೊಡನೆ ಸಂಸಾರದ ಆಟವಾಡಿ, ನಿಜವಾದ ಸಂಸಾರವು ಒದಗಿದಾಗ ಗೊಂಬೆಗಳನ್ನು ಬಿಡುವಂತೆ, ಅಂತರಂಗದ ಅರಿವಾದವನಿಗೆ ಬಾಹ್ಯರೂಪವು ಬೇಡವಾಗುವುದೆಂದೂ ಲಾಲದಾಸರು ತಿಳಿಸಿದರು. ಈ ಸಂವಾದದಲ್ಲಿ ವಾದವಿಲ್ಲ, ಜಯಾಪಜಯಗಳಿಲ್ಲ. ಖಂದಹಾರದಲ್ಲಿ ಕೋಟೆಯ ಬಾಗಿಲನ್ನು ಒಡೆಯಲಾರದೆ ಬಂದವನು ಇಲ್ಲಿ ಕೈಮುಗಿದು ನಿಂತನು; ಬಾಗಿಲು ತಾನಾಗಿಯೇ ತೆರೆಯಿತು.

ಈ ವಿಚಾರಗಳ ಫಲವಾಗಿ 1655ರಲ್ಲಿ ಅವನು ಮಜ್ಮಉಲ್ ಬಹ್ರೈನ್ ಎಂಬ ಕಿರುಗ್ರಂಥವನ್ನು ಬರೆದನು. ಎರಡು ಕಡಲುಗಳು ಕೂಡುವ ತಾಣವೆಂದು ಆ ಹೆಸರಿನ ಅರ್ಥ. ಸಮುದ್ರಸಂಗಮವೆಂಬ ಹೆಸರಿನಿಂದ ಅದರ ಸಂಸ್ಕೃತರೂಪವೂ ಉಳಿದು ಬಂದಿದೆ. ಕೂಡಲಸಂಗಮದ ನಾಮವನ್ನು ನಿತ್ಯವೂ ಸ್ಮರಿಸುವ ನಮಗೆ ಆ ಹೆಸರು ಹೊಸತಾಗಿ ತೋರದು. ದಾರಾನಿಗೆ ಅದು ಕುರಾನಿನಿಂದ ಬಂದಿತು. ಮೂಸಾ ಪ್ರವಾದಿಯು ತನಗೆ ತಿಳಿಯದ ಅರಿವನ್ನು ಪಡೆದ ದೇವದಾಸನೊಬ್ಬನನ್ನು ಅರಸಿಕೊಂಡು ಎರಡು ಕಡಲುಗಳು ಕೂಡುವೆಡೆಗೆ ಪಯಣಮಾಡಿದ ಕಥೆಯು ಅಲ್ಲಿರುವುದು. ಪ್ರವಾದಿಯಾದವನೂ ಮತ್ತೊಬ್ಬನಿಂದ ಕಲಿಯಲು ಹೊರಡಬಹುದಾದರೆ ರಾಜಪುತ್ರನಿಗೆ ಸಂಕೋಚವೇತಕ್ಕೆ? ಹೆಸರನ್ನು ಆರಿಸಿದುದರಲ್ಲಿಯೇ ಅವನ ಭಾವವು ಅಡಗಿದೆ.

ಆ ಗ್ರಂಥದಲ್ಲಿ ಅವನು ಸೂಫಿಗಳ ಪರಿಭಾಷೆಯನ್ನೂ ಹಿಂದೂ ಜ್ಞಾನಿಗಳ ಪರಿಭಾಷೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸುತ್ತ ಹೋಗುತ್ತಾನೆ. ಉಸಿರಿನ ಒಳಹೊರಗುಗಳಲ್ಲಿ ತಾನಾಗಿಯೇ ನಡೆಯುವ ಅಜಪಾಜಪವನ್ನು ಸೂಫಿಗಳ ನಾಮಸ್ಮರಣೆಗೆ ಸರಿಹಚ್ಚುತ್ತಾನೆ. ಮಾಯೆಯನ್ನು ಸೃಷ್ಟಿಗೆ ಮೂಲವಾದ ಪ್ರೇಮವೆಂದು ವಿವರಿಸುತ್ತಾನೆ. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಜಿಬ್ರಾಯೀಲ, ಮೀಕಾಯೀಲ, ಇಸ್ರಾಫೀಲರೆಂಬ ಮೂವರು ದೇವದೂತರೆಂದು ಗುರುತಿಸುತ್ತಾನೆ. ಎರಡು ಪಂಥಗಳ ಜ್ಞಾನಿಗಳಲ್ಲಿ ಶಬ್ದದ ಭೇದವನ್ನುಳಿದು ಬೇರೆ ಭೇದವನ್ನು ತಾನು ಕಾಣಲಿಲ್ಲವೆಂಬುದು ಅವನ ನಿಲುವು.

ಇಲ್ಲಿ ಶಿವಭಕ್ತನಾದ ವಾಚಕನು ತಡೆದು ನಿಲ್ಲುವನು; ನಿಲ್ಲುವುದು ನ್ಯಾಯವೂ ಹೌದು. ಇಸ್ರಾಫೀಲನು ಅಂತ್ಯದಿನದಲ್ಲಿ ಕಹಳೆಯನ್ನೂದುವ ದೇವದೂತನು, ಪರಮಾತ್ಮನ ಆಜ್ಞಾಧಾರಕನು. ಶಿವನನ್ನೇ ಪರಮಾತ್ಮನೆಂದು ನಂಬಿ, ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಈ ಸಮೀಕರಣವು ಒಪ್ಪಿಗೆಯಾಗಲಾರದು. ತನ್ನ ಪ್ರವಾದಿಯನ್ನೋ ಗ್ರಂಥವನ್ನೋ ನಾವು ನಮ್ಮ ಪುರಾಣದ ಯಾವುದಾದರೊಂದು ಪಾತ್ರಕ್ಕೆ ಸಮನಾಗಿಸಿದರೆ ಮುಸಲ್ಮಾನನೂ ಹೀಗೆಯೇ ತಡೆದು ನಿಲ್ಲುವನು. ಪರಮತವನ್ನು ಅರಿಯಲು ಹೊರಟವನು ಮೊದಲು ತನ್ನ ಮನೆಯ ಅಳತೆಗೋಲನ್ನೇ ಕೈಗೆ ತೆಗೆದುಕೊಳ್ಳುವನು. ಬೇರೆ ಅಳತೆಗೋಲು ಅವನಲ್ಲಿರುವುದಿಲ್ಲ. ಆ ಗೋಲಿಗೆ ಸಿಕ್ಕದ ಭಾಗವೂ ಪರಮತದಲ್ಲಿರುವುದೆಂದು ಮುಂದೆ ಕಂಡುಕೊಳ್ಳುವನೋ ಇಲ್ಲವೋ ಎಂಬುದರ ಮೇಲೆ ಅವನ ಅರಿವಿನ ಯೋಗ್ಯತೆಯು ನಿಂತಿರುವುದು. ದಾರಾನ ಹಿರಿಮೆಯೆಂದರೆ ಅವನು ಈ ಹೋಲಿಕೆಯ ಪುಸ್ತಕದಲ್ಲಿಯೇ ನಿಲ್ಲಲಿಲ್ಲ. ಮೂಲಗ್ರಂಥಗಳ ಕಡೆಗೆ ನಡೆದನು.

1656ರಲ್ಲಿ ಅವನ ಆಜ್ಞೆಯಂತೆ ಯೋಗವಾಸಿಷ್ಠದ ಸಾರವು ಪಾರಸಿಗೆ ಇಳಿಯಿತು. ಅದರ ಪೀಠಿಕೆಯಲ್ಲಿ ಒಂದು ಸ್ವಪ್ನದ ವೃತ್ತಾಂತವಿದೆ. ವಸಿಷ್ಠರೂ ಶ್ರೀರಾಮಚಂದ್ರನೂ ದಾರಾನಿಗೆ ಕಾಣಿಸಿಕೊಂಡರೆಂದೂ, ವಸಿಷ್ಠರ ಮಾತಿನಂತೆ ರಾಮನು ಅವನನ್ನು ಸಹಸಾಧಕನೆಂದು ಆಲಿಂಗಿಸಿ ಮಿಠಾಯಿಯನ್ನು ಕೊಟ್ಟನೆಂದೂ ಅಲ್ಲಿ ಬರೆದಿದೆ. ಮರುವರ್ಷ, ಅಂದರೆ 1657ರಲ್ಲಿ, ಅವನ ಬಾಳಿನ ಮಹಾಕಾರ್ಯವು ನಡೆಯಿತು. ಕಾಶಿಯ ಪಂಡಿತರನ್ನೂ ಸಂನ್ಯಾಸಿಗಳನ್ನೂ ಡಿಲ್ಲಿಗೆ ಬರಮಾಡಿಕೊಂಡು, ಯಮುನಾತೀರದಲ್ಲಿ ನಿಗಮಬೋಧದ ಬಳಿಯಿದ್ದ ತನ್ನ ಮಂದಿರದಲ್ಲಿ ಕುಳಿತು, ಆರು ತಿಂಗಳಲ್ಲಿ 50 ಉಪನಿಷತ್ತುಗಳನ್ನು ಅವನು ಪಾರಸಿಗೆ ಪರಿವರ್ತಿಸಿದನು. ಆ ಗ್ರಂಥಕ್ಕೆ ಸಿರ್ರೆ ಅಕ್ಬರ್, ಎಂದರೆ ಪರಮರಹಸ್ಯ, ಎಂದು ಹೆಸರಿಟ್ಟನು. ಅದರಲ್ಲಿ ಛಾಂದೋಗ್ಯ, ಬೃಹದಾರಣ್ಯಕಗಳಂತಹ ಮಹೋಪನಿಷತ್ತುಗಳೊಡನೆ ಶ್ವೇತಾಶ್ವತರ, ಕೈವಲ್ಯ, ಅಥರ್ವಶಿರಸ್ಸುಗಳೂ ಶತರುದ್ರೀಯವೂ ಸೇರಿವೆ. ಎರಡು ವರ್ಷಗಳ ಹಿಂದೆ ಮಹಾದೇವನನ್ನು ದೇವದೂತರ ಸಾಲಿನಲ್ಲಿ ನಿಲ್ಲಿಸಿದವನ ಕೈಯಿಂದಲೇ, ರುದ್ರನನ್ನು ಸರ್ವಾಧಿಪತಿಯೆಂದು ಸ್ತುತಿಸುವ ಗ್ರಂಥಗಳು ಪಾರಸಿ ಓದುಗರಿಗೆ ದೊರೆತವು. ಭಾಷಾಂತರಕಾರನ ಅಭಿಪ್ರಾಯವು ಹೇಗೇ ಇರಲಿ, ಮೂಲವು ತಾನೇ ಮಾತನಾಡುವಂತೆ ಎಡೆಮಾಡಿಕೊಟ್ಟುದು ದೊಡ್ಡ ಉಪಕಾರವಲ್ಲವೆ?

ಈ ಶ್ರಮಕ್ಕೆ ಕಾರಣವನ್ನು ದಾರಾನು ತನ್ನ ಮುನ್ನುಡಿಯಲ್ಲಿ ವಿವರಿಸಿದ್ದಾನೆ. ದೇವನೊಬ್ಬನೇ ಎಂಬ ತತ್ತ್ವದ ಆಳವನ್ನು ತಿಳಿಯಲೆಳಸಿ ಅವನು ತೌರಾತ, ಜಬೂರ, ಇಂಜೀಲಗಳನ್ನು ಓದಿದನು. ಅಲ್ಲಿ ಆ ವಿಷಯವು ಸಂಕ್ಷೇಪವಾಗಿಯೂ ಗೂಢವಾಗಿಯೂ ಇರುವಂತೆ ಅವನಿಗೆ ತೋರಿತು. ಉಪನಿಷತ್ತುಗಳಲ್ಲಿ ಅದರ ನಿಧಿಯೇ ಇರುವುದೆಂದು ಅವನು ಕಂಡನು. ಶುದ್ಧರಾದವರ ಹೊರತು ಬೇರೆಯವರು ಮುಟ್ಟಲಾಗದ ಗುಪ್ತಗ್ರಂಥವೊಂದರ ಪ್ರಸ್ತಾಪವು ಕುರಾನಿನಲ್ಲಿ ಬರುವುದು. ಆ ಗುಪ್ತಗ್ರಂಥವು ಉಪನಿಷತ್ತೇ ಎಂದು ಅವನು ನಿರ್ಣಯಿಸಿದನು. ಕುರಾನನ್ನು ತೊರೆದು ಅವನು ಉಪನಿಷತ್ತಿಗೆ ಬರಲಿಲ್ಲ. ಕುರಾನಿನ ಅರ್ಥವನ್ನು ಅರಸುತ್ತಲೇ ಉಪನಿಷತ್ತಿಗೆ ಬಂದನು. ಈ ನಿರ್ಣಯವನ್ನು ಬಹುಮಂದಿ ಮುಸಲ್ಮಾನ ವಿದ್ವಾಂಸರು ಒಪ್ಪಲಿಲ್ಲ. ವೇದವನ್ನು ಬೇರೊಂದು ಗ್ರಂಥದ ವ್ಯಾಖ್ಯಾನವೆಂದು ಭಾವಿಸಲು ಪಂಡಿತರೂ ಒಪ್ಪಲಾರರು. ಆದರೂ ಪರರ ಗ್ರಂಥವನ್ನು ತನ್ನ ಗ್ರಂಥದಷ್ಟೇ ಪವಿತ್ರವೆಂದು ಕೈಗೆತ್ತಿಕೊಂಡ ಆ ಭಕ್ತಿಯು ಎರಡು ಕಡೆಯವರಿಗೂ ವಂದನೀಯವಾದುದು.

ವಾಚಕರು ಈಗ ಅದೇ 1657ರ ಕನ್ನಡ ನಾಡಿನತ್ತ ದೃಷ್ಟಿಯನ್ನು ತಿರುಗಿಸಬೇಕು. ತಮ್ಮನಾದ ಔರಂಗಜೇಬನು ಆಗ ದಖ್ಖನದ ಸುಭೇದಾರನು. ವಿಜಾಪುರದ ಮಹಮ್ಮದ ಆದಿಲಶಹನು 1656ರಲ್ಲಿ ತೀರಿಕೊಂಡ ಸಮಯವನ್ನು ಸಾಧಿಸಿ ಅವನು ಆ ರಾಜ್ಯದ ಮೇಲೆ ದಂಡೆತ್ತಿ ಬಂದನು. 1657ರ ಮಾರ್ಚಿಯಲ್ಲಿ ಬೀದರದ ಕೋಟೆಯು ಅವನ ವಶವಾಯಿತು. ಅಲ್ಲಿಂದ ಸೇನೆಯು ಕಲ್ಯಾಣದ ಮೇಲೆ ತಿರುಗಿತು. ಐದು ಶತಮಾನಗಳ ಹಿಂದೆ ಬಸವಣ್ಣನವರೂ ಅಲ್ಲಮಪ್ರಭುಗಳೂ ನೂರಾರು ಕಾಯಕದ ಶರಣರೂ ಕುಳಿತು ಅನುಭಾವವನ್ನು ನಡೆಸಿದ ಆ ಕಲ್ಯಾಣವು ಬೇಸಗೆಯಿಂದ ಮಳೆಗಾಲದವರೆಗೆ ತೋಪುಗಳ ಹೊಡೆತವನ್ನು ಸಹಿಸಿ, ಆಗಸ್ಟಿನ ಮೊದಲಲ್ಲಿ ಶರಣಾಗತವಾಯಿತು. ಒಬ್ಬನೇ ತಂದೆಯ ಮಕ್ಕಳಿಬ್ಬರು. ಇಬ್ಬರೂ ಓದಿದುದು ಒಂದೇ ಕುರಾನು. ಯಮುನೆಯ ದಡದಲ್ಲಿ ಅಣ್ಣನು ಪಂಡಿತರ ನಡುವೆ ಕುಳಿತು ಉಪನಿಷತ್ತಿನ ಒಂದೊಂದು ಪದಕ್ಕೂ ಪಾರಸಿಯಲ್ಲಿ ಸರಿಯಾದ ಪದವನ್ನು ಹುಡುಕುತ್ತಿದ್ದ ದಿನಗಳಲ್ಲಿ ಕಲ್ಯಾಣದ ಗೋಡೆಗಳ ಹೊರಗೆ ತಮ್ಮನ ಸೈನಿಕರು ಕಂದಕವನ್ನು ತುಂಬಿಸುತ್ತಿದ್ದರು. ಆ ಯುದ್ಧವು ಮತಕ್ಕಾಗಿ ನಡೆದುದಲ್ಲ. ಕೋಟೆಯೊಳಗಿದ್ದು ಕಾದಿದ ದೊರೆಯ ಕಡೆಯವರೂ ಮುಸಲ್ಮಾನರೇ. ಅದು ಭೂಮಿಗಾಗಿ, ಅಧಿಕಾರಕ್ಕಾಗಿ ನಡೆದ ಯುದ್ಧ. ಕಡೆಗೆ ವಿಜಾಪುರದೊಡನೆ ಸಂಧಿಯಾಗಬೇಕೆಂದು ಬಾದಶಹನ ಆಜ್ಞೆಯು ಬಂದಿತು. ಅದಕ್ಕೆ ದಾರಾನ ಪ್ರೇರಣೆಯೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ತಮ್ಮನ ಬಲವು ಹೆಚ್ಚಬಾರದೆಂಬ ರಾಜನೀತಿಯೂ ಆ ಪ್ರೇರಣೆಯಲ್ಲಿದ್ದಿತೆಂಬುದನ್ನು ಮುಚ್ಚಿಡಲಾಗದು.

ಆ ಸೆಪ್ಟೆಂಬರಿನಲ್ಲಿಯೇ ಶಹಾಜಹಾನನು ಕಾಯಿಲೆಯಿಂದ ಮಲಗಿದನು. ಮೊಗಲರಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟು ಇರಲಿಲ್ಲ. ಶಹಾಜಹಾನನೇ ದಾಯಾದಿಗಳ ರಕ್ತದ ಮೇಲೆ ನಡೆದು ಸಿಂಹಾಸನವನ್ನೇರಿದ್ದನು. ನಾಲ್ವರು ಸಹೋದರರಲ್ಲಿಯೂ ಕತ್ತಿಗಳು ಹೊರಬಿದ್ದವು. 1658ರ ಬೇಸಗೆಯಲ್ಲಿ ಆಗ್ರಾದ ಹತ್ತಿರ ಸಾಮೂಗಢದ ರಣದಲ್ಲಿ ದಾರಾನು ಔರಂಗಜೇಬ ಮುರಾದರಿಗೆ ಇದಿರಾದನು. ಯುದ್ಧದ ನಡುವೆ ಅವನು ಆನೆಯಿಂದಿಳಿದು ಕುದುರೆಯನ್ನೇರಲು, ಅಂಬಾರಿಯು ಬರಿದಾದುದನ್ನು ಕಂಡ ಸೈನ್ಯವು ಒಡೆಯನು ಮಡಿದನೆಂದು ಭ್ರಮಿಸಿ ಚದರಿತು. ಔರಂಗಜೇಬನು ತಂದೆಯನ್ನು ಆಗ್ರಾದ ಕೋಟೆಯಲ್ಲಿ ಸೆರೆಯಿಟ್ಟು ಪಟ್ಟವೇರಿದನು. ದಾರಾನು ಲಾಹೋರು, ಮುಲತಾನ, ಸಿಂಧ, ಗುಜರಾತಗಳಲ್ಲಿ ಅಲೆದು, 1659ರ ಮಾರ್ಚಿಯಲ್ಲಿ ತಾನು ಹುಟ್ಟಿದ ಅಜಮೀರದ ಬಳಿಯ ದೇವರಾಯಿಯಲ್ಲಿ ಕಡೆಯ ಸಲ ಕಾದಿ ಸೋತನು.

ಈ ಸೋಲಿಗೆ ಅದೃಷ್ಟವೊಂದನ್ನೇ ದೂರಿದರೆ ಚರಿತ್ರೆಗೆ ಅಪಚಾರವಾಗುವುದು. ದಾರಾನಿಗೆ ಸಂತರ ಮುಂದೆ ಬಾಗುವ ವಿನಯವಿದ್ದಿತು. ಸರದಾರರ ಮುಂದೆ ಅದು ಇರಲಿಲ್ಲ. ಸೇನಾನಿಗಳನ್ನು ಹಗುರವಾಗಿ ನುಡಿದು ನೋಯಿಸುತ್ತಿದ್ದನು. ಬಾಹ್ಯಾಚಾರವನ್ನೇ ಹಿಡಿದ ಮುಲ್ಲಾಗಳನ್ನು ತನ್ನ ಬರೆಹಗಳಲ್ಲಿ ಕಟುವಾಗಿ ಹಳಿಯುತ್ತಿದ್ದನು. ಕಾಶಿಯ ಸಂನ್ಯಾಸಿಯ ಹೃದಯವನ್ನು ಅರಿಯಲು ಅಷ್ಟು ಶ್ರಮಪಟ್ಟವನು ತನ್ನದೇ ಮಸೀದಿಯ ಸಾಮಾನ್ಯ ಶ್ರದ್ಧಾಳುವಿನ ಅಂಜಿಕೆಯನ್ನು ಅರಿಯಲು ಅಷ್ಟು ಶ್ರಮಪಡಲಿಲ್ಲ. ಅವನ ಸಮುದ್ರಸಂಗಮವು ಜ್ಞಾನಿಗಳಿಗಾಗಿ ಬರೆದುದು, ಸಾಮಾನ್ಯ ಜನರಿಗಾಗಿ ಬರೆದುದಲ್ಲವೆಂದು ಅವನೇ ಆ ಗ್ರಂಥದಲ್ಲಿ ಸೂಚಿಸಿದ್ದಾನೆ. ಎರಡು ಮತಗಳ ಶಿಖರಗಳು ಒಂದನ್ನೊಂದು ಕಂಡವು; ಕಣಿವೆಗಳಲ್ಲಿದ್ದ ಜನರಿಗೆ ಆ ನೋಟವು ದೊರೆಯಲಿಲ್ಲ. ಮತಸೌಹಾರ್ದವು ಅರಮನೆಯ ಗ್ರಂಥಭಾಂಡಾರದಲ್ಲಿ ಮಾತ್ರ ಬೆಳೆದರೆ, ಅರಮನೆಯು ಬಿದ್ದ ದಿನ ಅದಕ್ಕೆ ಕಾವಲಿರುವುದಿಲ್ಲ.

ದೇವರಾಯಿಯಿಂದ ಓಡಿದ ದಾರಾನು ಪಾರಸಿಕ ದೇಶವನ್ನು ಸೇರಬೇಕೆಂದು ಬೋಲಾನ ಕಣಿವೆಯತ್ತ ನಡೆದನು. ಆ ದಾರಿಯಲ್ಲಿ ನಾದಿರಾ ಬಾನುವು ಆಯಾಸದಿಂದಲೂ ವ್ಯಾಧಿಯಿಂದಲೂ ಪ್ರಾಣಬಿಟ್ಟಳು. ಹಿಂದೂಸ್ಥಾನದ ಮಣ್ಣಿನಲ್ಲಿಯೇ ತನ್ನನ್ನು ಹೂಳಬೇಕೆಂಬುದು ಅವಳ ಇಚ್ಛೆ. ಅದನ್ನು ಸಲ್ಲಿಸುವುದಕ್ಕಾಗಿ ದಾರಾನು ಉಳಿದಿದ್ದ ನಂಬಿಕೆಯ ಸೈನಿಕರನ್ನು ಶವದೊಡನೆ ಲಾಹೋರಿಗೆ ಕಳುಹಿಸಿದನು. ಮಿಯಾನ್ ಮೀರರ ಸಮಾಧಿಯ ಸಮೀಪದಲ್ಲಿ ಅವಳನ್ನು ಹೂಳಿದರು. ಹೀಗೆ ಕಾವಲಿಲ್ಲದೆ ಉಳಿದ ಅವನು ದಾದರದ ಮಲಿಕ ಜೀವನನ ಆಶ್ರಯವನ್ನು ನಂಬಿದನು. ಹಿಂದೊಮ್ಮೆ ಶಹಾಜಹಾನನು ಮರಣದಂಡನೆಯನ್ನು ವಿಧಿಸಿದ್ದಾಗ ಆ ಮಲಿಕನನ್ನು ಬಿಡಿಸಿದವನು ದಾರಾನೇ. ಆ ಉಪಕಾರವನ್ನು ಮರೆತ ಮಲಿಕನು 1659ರ ಜೂನಿನಲ್ಲಿ ಅವನನ್ನೂ ಅವನ ಕಿರಿಯ ಮಗನನ್ನೂ ಹಿಡಿದೊಪ್ಪಿಸಿದನು.

ಆ ವರ್ಷದ ಆಗಸ್ಟಿನ ಕೊನೆಯಲ್ಲಿ ಮಾಸಿದ ಬಟ್ಟೆಯಲ್ಲಿ, ಬಡಕಲು ಹೆಣ್ಣಾನೆಯ ಮೇಲೆ ಅವನನ್ನು ಡಿಲ್ಲಿಯ ಬೀದಿಗಳಲ್ಲಿ ಮೆರೆಸಿದರು. ಅದನ್ನು ಕಣ್ಣಾರೆ ಕಂಡ ಫ್ರೆಂಚ್ ವೈದ್ಯನಾದ ಬರ್ನಿಯೆಯು ಜನರೆಲ್ಲ ಗೋಳಿಟ್ಟುದನ್ನೂ, ಆದರೆ ಅವನ ನೆರವಿಗೆ ಕತ್ತಿಯೆತ್ತಿದವನೊಬ್ಬನೂ ಇಲ್ಲದಿದ್ದುದನ್ನೂ ಬರೆದಿಟ್ಟಿದ್ದಾನೆ. ಆಸ್ಥಾನದಲ್ಲಿ ಅವನ ಪ್ರಾಣದ ವಿಷಯವಾಗಿ ಆಲೋಚನೆ ನಡೆಯಿತು. ಬಹುಕಾಲದಿಂದ ದಾರಾನೊಡನೆ ಮನಸ್ತಾಪವಿದ್ದ ದಾನಿಶ್ಮಂದ ಖಾನನೆಂಬ ವಿದ್ವಾಂಸನಾದ ಸರದಾರನು ಕೊಲ್ಲಬಾರದೆಂದು ವಾದಿಸಿದನು. ಉಳಿದವರ ಮತವೇ ಗೆದ್ದಿತು. ಬ್ರಾಹ್ಮಣರ ಮತ್ತು ಯೋಗಿಗಳ ಸಹವಾಸ, ವೇದಾಂತಗ್ರಂಥಗಳ ಭಾಷಾಂತರ, ಪ್ರಭು ಎಂಬ ಹಿಂದವೀ ಪದವನ್ನು ಕೆತ್ತಿಸಿದ ಉಂಗುರ, ಇವುಗಳನ್ನು ಅವನ ಮತಭ್ರಷ್ಟತೆಗೆ ಸಾಕ್ಷಿಗಳೆಂದು ಔರಂಗಜೇಬನ ಕಾಲದ ರಾಜಕೀಯ ಇತಿಹಾಸವು ಎಣಿಸಿದೆ. ರಾಜ್ಯದ ಲೋಭವು ಮತದ ಮುಖವಾಡವನ್ನು ಧರಿಸಿತು. ಮೆರವಣಿಗೆಯ ಮರುದಿನ ರಾತ್ರಿ ಸೆರೆಮನೆಯಲ್ಲಿ ಅವನ ಶಿರವನ್ನು ಕಡಿದರು. ದೇಹವನ್ನು ಹುಮಾಯೂನನ ಗೋರಿಯ ಆವರಣದಲ್ಲಿ ಹೂಳಿದರು. ಆಗ ಅವನ ವಯಸ್ಸು 44.

ದೇಹವು ಮಣ್ಣಾದರೂ ಗ್ರಂಥವು ಉಳಿಯಿತು. ದಾರಾನ ಆಶ್ರಯದಲ್ಲಿದ್ದ ಪಂಡಿತರೊಬ್ಬರನ್ನು ಅದೇ ದಾನಿಶ್ಮಂದ ಖಾನನು ತನ್ನ ಮನೆಯಲ್ಲಿಟ್ಟುಕೊಂಡು ಶಾಸ್ತ್ರವಿಚಾರವನ್ನು ಮುಂದುವರಿಸಿದನು. ಸಿರ್ರೆ ಅಕ್ಬರಿನ ಹಸ್ತಪ್ರತಿಯು ಕಾಲಾಂತರದಲ್ಲಿ ಫ್ರಾನ್ಸ್ ದೇಶದ ಆಂಕ್ವೆತಿಲ್ ದ್ಯುಪೆರೋನ್ ಎಂಬ ವಿದ್ವಾಂಸನ ಕೈಗೆ ಸೇರಿತು. ಅವನು ಅದನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿ 1801 ಮತ್ತು 1802ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಯುರೋಪಿನ ತತ್ತ್ವಜ್ಞರು ಉಪನಿಷತ್ತುಗಳನ್ನು ಮೊದಲು ಕಂಡುದು ಈ ದ್ವಾರದಿಂದಲೇ. ಜರ್ಮನಿಯ ಶೋಪೆನ್‌ಹೌವರನು ಆ ಲ್ಯಾಟಿನ್ ಸಂಪುಟಗಳನ್ನು ಬಾಳಿಗೂ ಮರಣಕ್ಕೂ ಸಾಂತ್ವನವೆಂದು ಭಾವಿಸಿ ಓದುತ್ತಿದ್ದನು. ಕಾಶಿಯ ಸಂನ್ಯಾಸಿಯ ಬಾಯಿಂದ ಮೊಗಲ ರಾಜಪುತ್ರನು ಕೇಳಿ, ಕ್ರೈಸ್ತನೊಬ್ಬನು ಭಾಷಾಂತರಿಸಿ, ಮತದ ಕಟ್ಟುಗಳನ್ನೇ ಒಪ್ಪದ ತತ್ತ್ವಜ್ಞನೊಬ್ಬನು ಎದೆಗಪ್ಪಿಕೊಂಡ ಆ ವಾಣಿಯ ಪಯಣವು ಎಷ್ಟು ದೀರ್ಘವಾದುದು!

ಔರಂಗಜೇಬನು ಗೆದ್ದ ಕಲ್ಯಾಣವು ಮೊಗಲರಿಂದ ಜಾರಿ ಬೇರೆ ಬೇರೆ ಕೈಗಳನ್ನು ಸೇರಿತು. ಇಂದು ಅದನ್ನು ಜನರು ಬಸವಕಲ್ಯಾಣವೆಂದು ಕರೆಯುವರು, ಶರಣರ ನೆನಪಿಗಾಗಿ ಅಲ್ಲಿಗೆ ಯಾತ್ರೆ ಹೋಗುವರು. ತೋಪುಗಳಿಂದ ಪಡೆದುದು ಒಂದು ತಲೆಮಾರಿನಲ್ಲಿ ಕೈಬಿಡಬಹುದು. ಕುಳಿತು ಕೇಳಿ ಪಡೆದುದು ಉಳಿಯುವುದು. ದಾರಾನ ಎಲ್ಲ ಸಮೀಕರಣಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವನ ತಪ್ಪುಗಳೂ ನಮಗೆ ಪಾಠಗಳೇ. ನೆರೆಯವನ ದೇವರನ್ನು ನಮ್ಮ ಮಾತಿನಲ್ಲಿ ವರ್ಣಿಸಿ ಮುಗಿಸದೆ, ಅವನ ಮಾತಿನಲ್ಲಿಯೇ ಕೇಳುವ ತಾಳ್ಮೆಯನ್ನು ಅವನಿಂದ ಕಲಿಯಬೇಕು. ಆ ಕೇಳ್ಮೆಯನ್ನು ಜ್ಞಾನಿಗಳ ಗೋಷ್ಠಿಯಿಂದ ಊರಿನ ಕಟ್ಟೆಗೂ ಸಂತೆಗೂ ತಲುಪಿಸುವ, ಅವನಿಂದಾಗದ ಕಾರ್ಯವನ್ನು ನಾವು ಮಾಡಬೇಕು. ಈ ಮಠದ ಬಾಗಿಲಿಗೆ ಬರುವ ಅನ್ಯಮತದ ಬಂಧುವಿಗೆ ದಾಸೋಹದ ಎಡೆಯೊಡನೆ ನಮ್ಮ ಕಿವಿಯೂ ದೊರೆಯಲಿ ಎಂದು ಶಿವನನ್ನು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುವೆನು.